ಸಿಂಪರಣಾ ಡ್ರೋನಿನ ಮೋಟಾರುಗಳನ್ನು ನೆಟ್ಟಗೆ ಹೊಂದಿಸುವ ಕ್ರಮ

ತೊಗರಿ, ಕಬ್ಬು, ಮೆಕ್ಕೆಜೋಳದಂತಹ ಎತ್ತರದ ಬೆಳೆಗಳೊಳಗೆ ಬೆನ್ನಿಗೆ ಪಂಪು ಹೊತ್ತು ನಡೆಯುವುದು ಕಷ್ಟ. ಸಿಂಪಡಿಸಿದ ಔಷಧಿ ಸಿಂಪಡಿಸುವವರ ಮೈಮೇಲೂ ಬೀಳುತ್ತದೆ. ಆದ್ದರಿಂದ ಡ್ರೋನಿನಿಂದ ಸಿಂಪಡಿಸುವ ಪದ್ಧತಿ ಹಳ್ಳಿಗಳಿಗೂ ಬಂದಿದೆ. ಡ್ರೋನ್ ನಡೆಸುವವರು ಬ್ಯಾಟರಿ ಮತ್ತು ನಾಜಲ್‌ಗಳನ್ನು ನೋಡಿಕೊಳ್ಳುವಷ್ಟೇ ಮುತುವರ್ಜಿಯಿಂದ ಮೋಟಾರುಗಳು ನೆಟ್ಟಗಿವೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ವಾಲಿದರೆ ಏನಾಗುತ್ತದೆ?

ಆರು ಮೋಟಾರಿನ ಡ್ರೋನಿನಲ್ಲಿ ಮೂರು ಮೋಟಾರುಗಳು ಪ್ರದಕ್ಷಿಣವಾಗಿಯೂ ಉಳಿದ ಮೂರು ಅಪ್ರದಕ್ಷಿಣವಾಗಿಯೂ ತಿರುಗುತ್ತವೆ. ಒಂದು ಗುಂಪು ಡ್ರೋನನ್ನು ತಿರುಗಿಸಲು ಹವಣಿಸಿದರೆ ಇನ್ನೊಂದು ಗುಂಪು ಅದನ್ನು ಸರಿದೂಗಿಸುತ್ತದೆ.

10 ಲೀಟರ್ ತೊಟ್ಟಿಯ ಡ್ರೋನ್ ತುಂಬಿದಾಗ 24 ಕಿ.ಗ್ರಾಂ. ತೂಗುತ್ತದೆ ಎಂದಿಟ್ಟುಕೊಂಡರೆ ಪ್ರತಿ ಮೋಟಾರು ಸುಮಾರು 4 ಕಿ.ಗ್ರಾಂ. ಎತ್ತಬೇಕು. ಒಂದು ಮೋಟಾರು ತೋಳಿನ ಪಕ್ಕಕ್ಕೆ ಕೇವಲ 2 ಡಿಗ್ರಿ ವಾಲಿದ್ದರೆ ಎತ್ತುವ ಬಲದಲ್ಲಿ ನಷ್ಟವಾಗುವುದು 3 ಗ್ರಾಂಗಿಂತಲೂ ಕಡಿಮೆ. ಆದರೆ ಸುಮಾರು 140 ಗ್ರಾಂ ಬಲ ಅಡ್ಡಕ್ಕೆ ತಳ್ಳುತ್ತದೆ. ಉದ್ದ ತೋಳಿನ ತುದಿಯಲ್ಲಿ ಬೀಳುವ ಈ ಬಲ ಇಡೀ ಡ್ರೋನನ್ನು ಗಾಣದ ಎತ್ತಿನಂತೆ ಸುತ್ತಿಸಲು ನೋಡುತ್ತದೆ.

ಇದನ್ನು ತಡೆಯಲು ಹಾರಾಟದ ನಿಯಂತ್ರಕವು ಒಂದು ಗುಂಪಿನ ಮೋಟಾರುಗಳ ವೇಗವನ್ನು ಹೆಚ್ಚಿಸಿ ಇನ್ನೊಂದರ ವೇಗವನ್ನು ತಗ್ಗಿಸುತ್ತದೆ. ಹೊರನೋಟಕ್ಕೆ ಡ್ರೋನ್ ಸರಿಯಾಗಿಯೇ ಹಾರುತ್ತಿರುತ್ತದೆ. ಆದರೆ ಮೂರು ಮೋಟಾರುಗಳು ಅಧಿಕ ಹೊರೆ ಹೊತ್ತು ಬಿಸಿಯಾಗುತ್ತವೆ, ಬ್ಯಾಟರಿ ಬೇಗ ಇಳಿಯುತ್ತದೆ. ತುಂಬಿದ ತೊಟ್ಟಿಯೊಡನೆ ಹಾರುವಾಗ ಜೋರಾಗಿ ಗಾಳಿ ಬೀಸಿದರೆ ಆ ಮೂರಕ್ಕೆ ವೇಗ ಹೆಚ್ಚಿಸಿಕೊಳ್ಳಲು ಶಕ್ತಿ ಉಳಿದಿರುವುದಿಲ್ಲ. ಆಗ ಡ್ರೋನ್ ತಿರುಗಿ ಹಿಡಿತ ತಪ್ಪಬಹುದು. ಬದುವಿನ ಮೇಲೆ ನಿಂತವರಿಗೂ ಅಪಾಯವಾಗಬಹುದು.

ವಾಲಲು ಕಾರಣಗಳು

ಹಲವು ಡ್ರೋನುಗಳ ತೋಳು ದುಂಡನೆಯ ಕೊಳವೆ. ಕ್ಲಾಂಪಿನ ತಿರುಪು ಸಡಿಲಾದರೆ ಕೊಳವೆ ತನ್ನಷ್ಟಕ್ಕೆ ಹೊರಳುತ್ತದೆ. ಇಳಿಯುವಾಗ ತೋಳು ನೆಲಕ್ಕೆ ತಗಲುವುದು, ಟೆಂಪೊದಲ್ಲಿ ಸಾಗಿಸುವಾಗ ಅದರ ಮೇಲೆ ಭಾರ ಬೀಳುವುದು, ಮಡಚುವ ಕೀಲು ಸವೆಯುವುದು ಇತರ ಕಾರಣಗಳು.

ಪರೀಕ್ಷಿಸುವ ವಿಧಾನ

1. ತೊಟ್ಟಿಯನ್ನು ಖಾಲಿ ಮಾಡಿ, ಕೈಗವಸು ಧರಿಸಿ ಡ್ರೋನನ್ನು ಒರೆಸಬೇಕು. ಬ್ಯಾಟರಿಯನ್ನು ಪೂರ್ತಿಯಾಗಿ ಹೊರತೆಗೆದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು.

2. ಸಮತಟ್ಟಾದ ಸಿಮೆಂಟು ನೆಲದ ಮೇಲೆ ಡ್ರೋನನ್ನು ಇಟ್ಟು, ಗಾರೆ ಕೆಲಸದವರು ಬಳಸುವ ರಸಮಟ್ಟದಿಂದ ನೆಲವನ್ನೂ ನಡುಚೌಕಟ್ಟನ್ನೂ ನೋಡಬೇಕು. ಚೌಕಟ್ಟು ಓರೆಯಾಗಿದ್ದರೆ ಕಾಲಿನ ಕೆಳಗೆ ತೆಳು ಹಲಗೆ ಇಟ್ಟು ಮಟ್ಟಕ್ಕೆ ತರಬೇಕು.

3. ರೆಕ್ಕೆಯನ್ನು ಪೂರ್ತಿ ಬಿಡಿಸಿ ತೋಳಿಗೆ ಅಡ್ಡಲಾಗಿ ನಿಲ್ಲಿಸಿ, ಅದರ ಎರಡೂ ತುದಿಗಳ ಎತ್ತರವನ್ನು ನೆಲದಿಂದ ಅಳೆಯಬೇಕು. 75 ಸೆಂ.ಮೀ. ಉದ್ದದ ರೆಕ್ಕೆಯಾದರೆ 2 ಡಿಗ್ರಿ ವಾಲಿಕೆಗೆ ಸುಮಾರು 2.6 ಸೆಂ.ಮೀ. ವ್ಯತ್ಯಾಸ ಕಂಡುಬರುತ್ತದೆ.

4. ರೆಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಬೇಕು. ತಗ್ಗು ಮೊದಲಿನ ಪಕ್ಕದಲ್ಲೇ ಉಳಿದರೆ ಮೋಟಾರು ವಾಲಿದೆ ಎಂದರ್ಥ. ತಗ್ಗು ರೆಕ್ಕೆಯೊಡನೆ ಇನ್ನೊಂದು ಪಕ್ಕಕ್ಕೆ ಹೋದರೆ ದೋಷವಿರುವುದು ರೆಕ್ಕೆಯಲ್ಲಿ. ಬಾಗಿದ ರೆಕ್ಕೆಯನ್ನು ಬದಲಿಸಬೇಕು.

5. ಹೀಗೆ ಆರೂ ಮೋಟಾರುಗಳನ್ನು ನೋಡಿ ಅಳತೆಗಳನ್ನು ಬರೆದಿಡಬೇಕು.

ಕೆಲವು ತಯಾರಕರು ಮೋಟಾರುಗಳನ್ನು ಉದ್ದೇಶಪೂರ್ವಕವಾಗಿಯೇ ಸ್ವಲ್ಪ ಓರೆಯಾಗಿ ಕೂರಿಸಿರುತ್ತಾರೆ. ಆದ್ದರಿಂದ ಕೈಪಿಡಿಯನ್ನು ನೋಡದೆ ಯಾವುದನ್ನೂ ತಿರುಗಿಸಬಾರದು.

ಸರಿಪಡಿಸುವುದು

ಕ್ಲಾಂಪಿನ ತಿರುಪುಗಳನ್ನು ಸ್ವಲ್ಪವೇ ಸಡಿಲಿಸಿ, ತುದಿಗಳು ಸಮನಾಗುವವರೆಗೆ ಕೊಳವೆಯನ್ನು ಹೊರಳಿಸಬೇಕು. ನಂತರ ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವಾಗಿ ಬಿಗಿಮಾಡಬೇಕು. ಅತಿಯಾಗಿ ಬಿಗಿದರೆ ಕಾರ್ಬನ್ ಕೊಳವೆ ಸೀಳಬಹುದು. ಬಿಗಿಯುವಾಗಲೂ ಕೊಳವೆ ಹೊರಳುವುದುಂಟು. ಆದ ಕಾರಣ ಮತ್ತೊಮ್ಮೆ ಅಳೆಯುವುದನ್ನು ಮರೆಯಬಾರದು. ಕೊನೆಯಲ್ಲಿ ಕ್ಲಾಂಪು ಮತ್ತು ಕೊಳವೆ ಎರಡರ ಮೇಲೂ ಹಾಯುವಂತೆ ಬಣ್ಣದ ಗೆರೆ ಎಳೆಯಬೇಕು. ಮುಂದೆ ಕೊಳವೆ ಹೊರಳಿದರೆ ಗೆರೆ ಮುರಿದು ಕಾಣುತ್ತದೆ. ಬಿರುಕುಬಿಟ್ಟ ತೋಳು, ಸವೆದ ಕೀಲುಗಳನ್ನು ಬದಲಿಸಬೇಕೇ ಹೊರತು ತಂತಿ ಸುತ್ತಿ ಬಳಸಬಾರದು.

ಹಾರಿಸಿ ನೋಡುವುದು

ಇಂತಹ ಡ್ರೋನನ್ನು ಹಾರಿಸಲು 2021ರ ಡ್ರೋನ್ ನಿಯಮಗಳು ಪೈಲಟ್ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿವೆ. ಪ್ರಮಾಣಪತ್ರ ಪಡೆದವರು ಜನರಿಲ್ಲದ ಬಯಲಿನಲ್ಲಿ ಮೊದಲು ಖಾಲಿ ತೊಟ್ಟಿಯೊಡನೆ, ಅನಂತರ ಬರೀ ನೀರು ತುಂಬಿ ಕಡಿಮೆ ಎತ್ತರದಲ್ಲಿ ಹಾರಿಸಿ ನೋಡಬೇಕು. ಇಳಿಸಿದ ಮೇಲೆ ಬ್ಯಾಟರಿ ಬಿಚ್ಚಿ, ಮೋಟಾರುಗಳ ಬಿಸಿಯನ್ನು ಹೋಲಿಸಬೇಕು. ಒಂದು ಬಿಟ್ಟು ಒಂದರಂತೆ ಮೂರು ಮೋಟಾರುಗಳು ಹೆಚ್ಚು ಬಿಸಿಯಾಗಿದ್ದರೆ ವಾಲಿಕೆ ಇನ್ನೂ ಉಳಿದಿರುವ ಸಾಧ್ಯತೆಯಿದೆ. ಬಿಸಿ ಸಮನಾಗಿದ್ದೂ ಡ್ರೋನ್ ಮುಖ ತಿರುಗಿಸುತ್ತಿದ್ದರೆ ದಿಕ್ಸೂಚಿಯನ್ನು ಪರೀಕ್ಷಿಸಬೇಕು.

ಹಂಗಾಮಿಗೆ ಮುಂಚೆ ಒಮ್ಮೆ, ಡ್ರೋನ್ ಬಿದ್ದಾಗ ಅಥವಾ ತೋಳು ತಗಲಿದಾಗ ತಪ್ಪದೆ ಈ ಪರೀಕ್ಷೆ ಮಾಡಬೇಕು. ಬಣ್ಣದ ಗೆರೆಗಳನ್ನಂತೂ ಪ್ರತಿದಿನ ಹಾರಿಸುವ ಮೊದಲು ನೋಡಬೇಕು. ಒಂದು ರಸಮಟ್ಟ, ಒಂದು ಅಳತೆ ಪಟ್ಟಿ, ಒಂದಿಷ್ಟು ಬಣ್ಣ ಇದ್ದರೆ ಸಾಕು. ಬೆಲೆಬಾಳುವ ಯಂತ್ರವೂ ಹೊಲದಲ್ಲಿರುವವರ ಜೀವವೂ ಸುರಕ್ಷಿತವಾಗಿರುತ್ತವೆ.