ಕೇಳಿಸುವ ದನಿ, ಕದಲದ ಶಂಕೆ: ಮನೋರೋಗದ ತೀವ್ರತೆಯನ್ನು ಅಳೆಯುವ ಬಗೆ

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ರಕ್ತದೊತ್ತಡಕ್ಕೆ ಅದರದೇ ಯಂತ್ರವಿದೆ. ಸಕ್ಕರೆಯ ಪ್ರಮಾಣವನ್ನು ಒಂದು ಹನಿ ರಕ್ತವೇ ಹೇಳಿಬಿಡುತ್ತದೆ. ಆದರೆ ಸುತ್ತಮುತ್ತ ಯಾರೂ ಇಲ್ಲದಿರುವಾಗ ಬೈಗುಳದ ದನಿಯನ್ನು ಕೇಳುತ್ತ ನರಳುವವರ ಸಂಕಟವನ್ನು ಯಾವುದರಿಂದ ಅಳೆಯಬೇಕು? ಮೇಲ್ನೋಟಕ್ಕೆ ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆನಿಸುತ್ತದೆ. ವಾಸ್ತವದಲ್ಲಿ ಇದು ರೋಗಿಯ ಮನೆಯವರೆಲ್ಲರೂ ಅರಿತಿರಬೇಕಾದ ವಿಷಯ.

ಮೊದಲು ಎರಡು ಪದಗಳನ್ನು ತಿಳಿದುಕೊಳ್ಳೋಣ. ಇಲ್ಲದ ದನಿ ಕೇಳಿಸುವುದು, ಇಲ್ಲದ ರೂಪ ಕಾಣಿಸುವುದು ವಿಭ್ರಮೆ. ಎಷ್ಟು ಸಾಕ್ಷ್ಯ ತೋರಿಸಿದರೂ ಕದಲದ ಹುಸಿ ತಿಳಿವಳಿಕೆ ಮಿಥ್ಯಾನಂಬಿಕೆ. ‘ನನ್ನ ಊಟಕ್ಕೆ ವಿಷ ಬೆರೆಸುತ್ತಿದ್ದಾರೆ’, ‘ನೆರೆಯವರೆಲ್ಲ ಸೇರಿ ನನ್ನ ವಿರುದ್ಧ ಸಂಚು ಹೂಡಿದ್ದಾರೆ’ ಎಂಬ ಅಚಲ ಶಂಕೆಗಳು ಇದಕ್ಕೆ ನಿದರ್ಶನ. ಸ್ಕಿಜೋಫ್ರೀನಿಯಾ ಮೊದಲಾದ ತೀವ್ರ ಮನೋರೋಗಗಳಲ್ಲಿ ಇವೆರಡೂ ಪ್ರಮುಖ ಲಕ್ಷಣಗಳು. ಒಂದು ಸಮುದಾಯವೆಲ್ಲ ಹಂಚಿಕೊಂಡ ಶ್ರದ್ಧೆಯನ್ನು ವೈದ್ಯಶಾಸ್ತ್ರವು ಮಿಥ್ಯಾನಂಬಿಕೆಯೆಂದು ಕರೆಯುವುದಿಲ್ಲ. ಅಗಲಿದ ಪತಿಯ ದನಿ ಶೋಕದ ದಿನಗಳಲ್ಲಿ ಪತ್ನಿಗೆ ಕೇಳಿಸಿದಂತಾದರೆ, ಅಷ್ಟರಿಂದಲೇ ಅದು ಮನೋರೋಗವೂ ಆಗುವುದಿಲ್ಲ.

ಇಂಥ ಲಕ್ಷಣಗಳನ್ನು ಅಂಕಗಳಲ್ಲಿ ಗುರುತಿಸುವ ಯತ್ನ ಹೊಸದಲ್ಲ. 1962ರಲ್ಲಿ ಪ್ರಕಟವಾದ ಬಿ.ಪಿ.ಆರ್.ಎಸ್., 1987ರಲ್ಲಿ ಬಂದ 30 ಅಂಶಗಳ ಪ್ಯಾನ್ಸ್ ಮಾಪನಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ಅವುಗಳಲ್ಲಿ ವಿಭ್ರಮೆಗೆ ಒಟ್ಟಾರೆಯಾಗಿ ಒಂದೇ ಅಂಕ. ದನಿ ಎಷ್ಟು ಹೊತ್ತು ಕೇಳಿಸಿತು, ಎಷ್ಟು ನೋಯಿಸಿತು ಎಂಬ ವಿವರವೆಲ್ಲ ಆ ಒಂದು ಅಂಕೆಯೊಳಗೆ ಅಡಗಿಹೋಗುತ್ತಿತ್ತು. ಈ ಕೊರತೆಯನ್ನು ನೀಗಲು ಇಂಗ್ಲೆಂಡಿನ ಜಿಲಿಯನ್ ಹ್ಯಾಡಕ್ ಮತ್ತು ಸಂಗಡಿಗರು ‘ಸೈರಾಟ್ಸ್’ ಎಂಬ ಮಾಪನವನ್ನು ರೂಪಿಸಿ 1999ರಲ್ಲಿ ಪ್ರಕಟಿಸಿದರು.

ಇದರಲ್ಲಿ ಒಟ್ಟು 17 ಅಂಶಗಳಿವೆ. ಕೇಳಿಸುವ ದನಿಗಳಿಗೆ 11, ಮಿಥ್ಯಾನಂಬಿಕೆಗೆ 6. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ದನಿ ಎಷ್ಟು ಸಲ ಬರುತ್ತದೆ, ಬಂದರೆ ಎಷ್ಟು ಹೊತ್ತು ಇರುತ್ತದೆ, ತಲೆಯೊಳಗಿನಿಂದಲೋ ಹೊರಗಿನಿಂದಲೋ, ಪಿಸುಮಾತೋ ಕೂಗಾಟವೋ, ಅದು ಎಲ್ಲಿಂದ ಹುಟ್ಟುತ್ತದೆಂದು ರೋಗಿ ನಂಬಿದ್ದಾರೆ, ಅದರ ಮಾತಿನಲ್ಲಿ ನಿಂದೆ ಎಷ್ಟು, ಆ ನಿಂದೆ ಎಷ್ಟು ಕಟುವಾದದ್ದು, ಅದರಿಂದ ಎಷ್ಟು ಸಲ ಸಂಕಟವಾಗುತ್ತದೆ, ಆ ಸಂಕಟ ಎಷ್ಟು ಆಳವಾದದ್ದು, ದಿನಚರಿ ಎಷ್ಟು ಕೆಡುತ್ತದೆ, ದನಿಯ ಮೇಲೆ ರೋಗಿಗೆ ಎಷ್ಟು ಹಿಡಿತವಿದೆ ಎಂಬಿವೇ ಆ 11 ಅಂಶಗಳು. ಮಿಥ್ಯಾನಂಬಿಕೆಯ ವಿಷಯದಲ್ಲಿ, ಅದರ ಚಿಂತೆ ಎಷ್ಟು ಸಲ ಕಾಡುತ್ತದೆ, ಎಷ್ಟು ಹೊತ್ತು ಕಾಡುತ್ತದೆ, ನಂಬಿಕೆ ಎಷ್ಟು ದೃಢವಾಗಿದೆ, ಸಂಕಟದ ಪ್ರಮಾಣ ಮತ್ತು ತೀವ್ರತೆ ಎಷ್ಟು, ಬದುಕಿಗೆ ಎಷ್ಟು ಅಡ್ಡಿಯಾಗಿದೆ ಎಂದು ವಿಚಾರಿಸುತ್ತಾರೆ. ಪರಿಣತರು ರೋಗಿಯೊಡನೆ ಸಮಾಧಾನದಿಂದ ಮಾತನಾಡಿ, ಅವರ ಉತ್ತರಗಳನ್ನು ಆಧರಿಸಿ ಅಂಕ ನೀಡುತ್ತಾರೆ.

ಇಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡುವುದರಿಂದ ಫಲವೇನು? ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಯುವಕನೊಬ್ಬನಿಗೆ ಗಂಟೆಗೊಮ್ಮೆಯಾದರೂ ದನಿ ಕೇಳಿಸುತ್ತಿದೆ. ಆವರ್ತನಕ್ಕೆ 3, ಗಟ್ಟಿತನಕ್ಕೆ 3, ಸಂಕಟದ ತೀವ್ರತೆಗೆ 4, ದಿನಚರಿಯ ಅಡಚಣೆಗೆ 2, ಹಿಡಿತವೇ ಇಲ್ಲದ್ದಕ್ಕೆ 4. ಈ ಐದು ಅಂಶಗಳ ಮೊತ್ತ 16. ಚಿಕಿತ್ಸೆ ನಡೆದು ಮೂರು ತಿಂಗಳು ಕಳೆದ ಮೇಲೆ ಮನೆಯವರು, ‘ಇನ್ನೂ ಗಂಟೆಗೊಮ್ಮೆ ದನಿ ಕೇಳಿಸುತ್ತದಂತೆ, ಮಾತ್ರೆಯಿಂದ ಏನೂ ಪ್ರಯೋಜನವಾಗಲಿಲ್ಲ’ ಎನ್ನುತ್ತಾರೆ. ಅಳೆದು ನೋಡಿದರೆ ಆವರ್ತನ 3ರಲ್ಲೇ ಇದೆ, ನಿಜ. ಆದರೆ ಕೂಗು ಪಿಸುಮಾತಿಗಿಳಿದು ಗಟ್ಟಿತನ 1ಕ್ಕೆ, ಸಂಕಟ 2ಕ್ಕೆ, ಅಡಚಣೆ 1ಕ್ಕೆ ಬಂದಿವೆ. ಅರ್ಧದಷ್ಟು ಸಲವಾದರೂ ಅದನ್ನು ಹತ್ತಿಕ್ಕಬಲ್ಲೆನೆಂಬ ಧೈರ್ಯದಿಂದ ಹಿಡಿತದ ಅಂಕವೂ 2ಕ್ಕಿಳಿದಿದೆ. ಮೊತ್ತ 9. ದನಿ ನಿಂತಿಲ್ಲ, ಆದರೂ ಅದರ ಕಾಟ ಇಳಿದಿದೆ. ಇದನ್ನರಿಯದೆ ಮಾತ್ರೆಗಳನ್ನು ನಿಲ್ಲಿಸಿಬಿಟ್ಟರೆ, ಗಳಿಸಿಕೊಂಡದ್ದೆಲ್ಲ ಕೈತಪ್ಪಿ ರೋಗ ಮರುಕಳಿಸುವ ಅಪಾಯವಿದೆ.

ನಂಬಿಕೆಯ ದೃಢತೆಗೂ ಇದೇ ಮಾತು ಸಲ್ಲುತ್ತದೆ. ‘ವಿಷ ಬೆರೆಸುತ್ತಿರುವುದು ನೂರಕ್ಕೆ ನೂರು ಸತ್ಯ’ ಎನ್ನುತ್ತಿದ್ದವರು ‘ಇರಲಾರದೇನೋ’ ಎನ್ನುವ ಹಂತಕ್ಕೆ ಬರುವುದೇ ದೊಡ್ಡ ಹೆಜ್ಜೆ. ಆ ಹಂತದಲ್ಲಿ ವಾದಕ್ಕಿಳಿದು ಸೋಲಿಸಲು ಯತ್ನಿಸಬಾರದು, ಗೇಲಿಯನ್ನಂತೂ ಮಾಡಲೇಬಾರದು. ‘ನಿನಗೆ ಎಷ್ಟು ಹೆದರಿಕೆಯಾಗುತ್ತಿರಬೇಕು’ ಎಂಬ ಒಂದು ಮಾತು ಹತ್ತು ವಾದಗಳಿಗಿಂತ ಮೇಲು.

ಈ ಮಾಪನದ ಮಿತಿಯನ್ನೂ ತಿಳಿದಿರಬೇಕು. ಇದು ರೋಗ ಯಾವುದೆಂದು ನಿರ್ಣಯಿಸುವ ಸಾಧನವಲ್ಲ, ಇರುವ ಲಕ್ಷಣದ ತೀವ್ರತೆಯನ್ನು ಗುರುತಿಸುವ ಸಾಧನ. ಮನೆಯಲ್ಲಿ ನಾವೇ ಅಂಕ ಹಾಕುವುದು ಸಲ್ಲದು. ಆದರೆ ಇದರ ಪ್ರಶ್ನೆಗಳ ಜಾಡು ಹಿಡಿದು ನಾವು ಗಮನಿಸಬಹುದು. ರೋಗಿ ನಿದ್ದೆ ಮಾಡಿದರೇ, ಊಟ ಮಾಡಿದರೇ, ಒಬ್ಬರೇ ಮಾತನಾಡುವುದು ಕಡಿಮೆಯಾಯಿತೇ, ಮನೆಗೆಲಸಕ್ಕೆ ಕೈಹಾಕಿದರೇ ಎಂಬುದನ್ನು ವಾರಕ್ಕೊಮ್ಮೆ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಚಿಕಿತ್ಸೆಗೆ ಬಹಳ ನೆರವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡ ಕೂಡದು. ‘ಸಾಯಿ’, ‘ಅವರನ್ನು ಹೊಡೆ’ ಎಂದು ದನಿ ಆಜ್ಞಾಪಿಸುತ್ತಿದ್ದರೆ, ರೋಗಿ ಅನ್ನನೀರು ಬಿಟ್ಟಿದ್ದರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಲಹೆಗಾಗಿ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಇಂಥ ಮಗನನ್ನೋ ಮಗಳನ್ನೋ ಕರೆದುಕೊಂಡು, ಮಾಟವೋ ಗಾಳಿಯೋ ಎಂಬ ಅಂಜಿಕೆಯಿಂದ ಊರೂರು ಅಲೆಯುವ ತಂದೆತಾಯಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅಲೆದಾಟದಲ್ಲಿ ಕಳೆಯುವ ತಿಂಗಳುಗಳು ಚಿಕಿತ್ಸೆಯ ತಿಂಗಳುಗಳೇ ಆಗಿರುತ್ತವೆ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡಲಿ. ಅದರ ಜೊತೆಯಲ್ಲಿಯೇ ವೈದ್ಯರ ಭೇಟಿಯೂ ಆಗಲಿ. ಅಂಥ ಮನೆಯೊಂದು ನಮ್ಮ ಓಣಿಯಲ್ಲಿದ್ದರೆ, ಮೊದಲ ಸಲ ಆಸ್ಪತ್ರೆಗೆ ಹೋಗುವಾಗ ಜೊತೆಗೆ ನಡೆಯುವುದು ನೆರೆಯವರಾದ ನಮ್ಮ ಕರ್ತವ್ಯ.