ಅಳಿಸಿಹೋದ ನೆನಪೋ, ದಾರಿ ಮುಚ್ಚಿದ ನೆನಪೋ

1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್ 27 ವರ್ಷದ ಹೆನ್ರಿ ಮೊಲೈಸನ್‌ನ ಮಿದುಳಿನ ಎರಡೂ ಪಕ್ಕದಿಂದ ಹಿಪೊಕ್ಯಾಂಪಸ್ ಎಂಬ ರಚನೆಯ ದೊಡ್ಡ ಭಾಗವನ್ನು ತೆಗೆದುಹಾಕಿದರು. ಔಷಧಕ್ಕೆ ಬಗ್ಗದಿದ್ದ ಮೂರ್ಛೆರೋಗ ಬಹುಮಟ್ಟಿಗೆ ಹತೋಟಿಗೆ ಬಂತು. ಆದರೆ ಅಂದಿನಿಂದ ನಡೆದದ್ದು ಯಾವುದೂ ಹೆನ್ರಿಯ ಮನಸ್ಸಿನಲ್ಲಿ ನಿಲ್ಲಲಿಲ್ಲ. ಈಗಷ್ಟೇ ಉಂಡಿದ್ದೂ ಸ್ವಲ್ಪ ಹೊತ್ತಿಗೆ ಮರೆತುಹೋಗುತ್ತಿತ್ತು.

ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ಟರು. ಕಾಗದದ ಮೇಲೆ ಜೋಡಿಗೆರೆಯಲ್ಲಿ ಬರೆದ ನಕ್ಷತ್ರ. ಎರಡು ಗೆರೆಗಳ ನಡುವೆಯೇ ಪೆನ್ಸಿಲ್ ಓಡಿಸಬೇಕು, ಕೈ ಕಾಣುವುದು ಕನ್ನಡಿಯಲ್ಲಿ ಮಾತ್ರ. ಮೊದಲ ದಿನ ಪೆನ್ಸಿಲ್ ಮತ್ತೆ ಮತ್ತೆ ಗೆರೆ ದಾಟಿತು. ಮೂರನೆಯ ದಿನದ ಹೊತ್ತಿಗೆ ಕೈ ಸಲೀಸಾಗಿ ಸಾಗಿತು. ಇದನ್ನು ಹಿಂದೆ ಮಾಡಿದ್ದೇನೆ ಎಂಬುದು ಮಾತ್ರ ಅವನಿಗೆ ಗೊತ್ತೇ ಇರಲಿಲ್ಲ! ಕೈ ಕಲಿಯುವುದಕ್ಕೆ ಹಿಪೊಕ್ಯಾಂಪಸ್ ಬೇಕಿಲ್ಲ, 'ಅಂದು, ಅಲ್ಲಿ, ನನಗೆ ಹೀಗಾಯಿತು' ಎಂಬ ನೆನಪಿಗೆ ಅದಿಲ್ಲದೆ ನಡೆಯುವುದಿಲ್ಲ. ಈ ಬಗೆಯ ನೆನಪನ್ನು ಎಂಡೆಲ್ ಟುಲ್ವಿಂಗ್ 1972ರಲ್ಲಿ 'ಎಪಿಸೋಡಿಕ್' ಎಂದು ಹೆಸರಿಸಿದರು. ಘಟನೆಯ ನೆನಪು ಎನ್ನೋಣ.

ಒಂದು ಮದುವೆಮನೆ ನೆನಪಾದಾಗ ವಾಲಗದ ಸದ್ದು, ಮಲ್ಲಿಗೆಯ ಘಮ, ಯಾರದೋ ಮುಖ ಒಟ್ಟಿಗೇ ಬರುತ್ತವೆ. ಇವುಗಳನ್ನು ಗ್ರಹಿಸುವ ಜಾಗಗಳು ಮಿದುಳಿನ ಹೊರಪದರದಲ್ಲಿ ದೂರದೂರ ಚದುರಿವೆ. ಇಂತಿಂಥವು ಒಂದೇ ಗಳಿಗೆಯಲ್ಲಿ ಜೊತೆಗಿದ್ದವು ಎಂಬ ನಂಟನ್ನು ಕಟ್ಟುವುದು ಹಿಪೊಕ್ಯಾಂಪಸ್‌ನ ಕೆಲಸ. ಪುಸ್ತಕದ ಕೊನೆಯ ಅಕಾರಾದಿಯಲ್ಲಿ ಕಥೆ ಇರುವುದಿಲ್ಲ, ಯಾವ ಪುಟ ತೆರೆಯಬೇಕೆಂಬುದಷ್ಟೇ ಇರುತ್ತದೆ. ಹಿಪೊಕ್ಯಾಂಪಸ್ ಹಾಗೆ ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಅಲ್ಲಿ ಜಾಗದ ಲೆಕ್ಕವೂ ಇದೆ. ಇಲಿ ಒಂದು ನಿರ್ದಿಷ್ಟ ಮೂಲೆಗೆ ಬಂದಾಗಷ್ಟೇ ಮಿಡಿಯುವ ನರಕೋಶಗಳನ್ನು ಜಾನ್ ಓಕೀಫ್ 1971ರಲ್ಲಿ ವರದಿ ಮಾಡಿದರು. 2014ರ ನೊಬೆಲ್‌ನಲ್ಲಿ ಅವರಿಗೆ ಪಾಲು ತಂದದ್ದು ಇದೇ ಶೋಧ.

ಹಿಪೊಕ್ಯಾಂಪಸ್‌ಗೆ ಬರುವ ಸುದ್ದಿ ಮೊದಲು ಡೆಂಟೇಟ್ ಗೈರಸ್ ಎಂಬ ಭಾಗಕ್ಕೆ ಮುಟ್ಟುತ್ತದೆ. ಇಲ್ಲಿ ಒಮ್ಮೆಗೆ ಎಚ್ಚರಗೊಳ್ಳುವ ಕೋಶಗಳು ತೀರಾ ಕೆಲವು. ಅದರಿಂದಲೇ ನಿನ್ನೆಯ ಸಂಜೆ, ಮೊನ್ನೆಯ ಸಂಜೆ ಒಂದರೊಳಗೊಂದು ಕಲಸಿಹೋಗದೆ ಬೇರೆ ಬೇರೆ ಗುಂಪಿನ ಪಾಲಾಗುತ್ತವೆ. ಮುಂದಿನ ಭಾಗದಲ್ಲಿ ಕೋಶಗಳು ತಮ್ಮತಮ್ಮಲ್ಲೇ ದಟ್ಟವಾಗಿ ಹೆಣೆದುಕೊಂಡಿವೆ. ಮಲ್ಲಿಗೆಯ ಘಮವೊಂದೇ ತಾಗಿದರೂ ಉಳಿದದ್ದು ಎದ್ದು ಬರುವುದು ಆ ಹೆಣಿಗೆಯಿಂದ. ಒಟ್ಟಿಗೆ ಮಿಡಿದ ಕೋಶಗಳ ನಡುವಿನ ಬೆಸುಗೆ ಬಿಗಿಯಾಗಿ ಗಂಟೆಗಟ್ಟಲೆ ಉಳಿಯುತ್ತದೆಂದು ಬ್ಲಿಸ್ ಮತ್ತು ಲೋಮೊ 1973ರಲ್ಲಿ ಮೊಲದ ಮಿದುಳಿನಲ್ಲಿ ತೋರಿಸಿದ್ದರು.

ಹಾಗಾದರೆ ಒಂದು ನೆನಪಿನ ಕೋಶಗಳನ್ನು ಗುರುತಿಸಿ ಎಬ್ಬಿಸಬಹುದೇ? ಎಂ.ಐ.ಟಿ.ಯಲ್ಲಿ ಸುಸುಮು ಟೊನೆಗಾವಾ ಅವರ ತಂಡ 2012ರಲ್ಲಿ ಎಬ್ಬಿಸಿತು. ಒಂದು ಪೆಟ್ಟಿಗೆಯಲ್ಲಿ ಇಲಿಯ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ ಡೆಂಟೇಟ್ ಗೈರಸ್‌ನಲ್ಲಿ ಯಾವ ಕೋಶಗಳು ಎಚ್ಚರಗೊಂಡವೋ, ಅವು ಮಾತ್ರ ಬೆಳಕಿಗೆ ಸ್ಪಂದಿಸುವ ಪ್ರೋಟೀನ್ ತಯಾರಿಸುವಂತೆ ಮೊದಲೇ ಏರ್ಪಾಡು ಮಾಡಿದ್ದರು. ಆಮೇಲೆ ಇಲಿಯನ್ನು ಬೇರೊಂದು ಪೆಟ್ಟಿಗೆಗೆ ಬಿಟ್ಟರು. ಅಲ್ಲಿ ಅದಕ್ಕೆ ಯಾವ ಭಯವೂ ಇಲ್ಲ, ಮೂಸುತ್ತ ಓಡಾಡುತ್ತಿತ್ತು. ತಲೆಗೆ ಅಳವಡಿಸಿದ ಸಣ್ಣ ಎಳೆಯ ಮೂಲಕ ನೀಲಿ ಬೆಳಕು ಹಾಯಿಸಿದ್ದೇ ತಡ, ಹೆದರಿದ ಇಲಿ ಮರಗಟ್ಟಿ ನಿಂತಿತು.

ಇದಕ್ಕಿಂತಲೂ ನನ್ನನ್ನು ಹಿಡಿದಿಟ್ಟದ್ದು ಅದೇ ತಂಡದ 2015ರ ಪ್ರಯೋಗ. ಆಘಾತವಾದ ಕೂಡಲೇ ಪ್ರೋಟೀನ್ ತಯಾರಿಯನ್ನು ತಡೆಯುವ ಔಷಧ ಕೊಟ್ಟರೆ ಬೆಸುಗೆಗಳು ಬಿಗಿಯಾಗುವುದಿಲ್ಲ. ಮರುದಿನ ಅದೇ ಪೆಟ್ಟಿಗೆಯಲ್ಲಿ ಬಿಟ್ಟರೂ ಇಲಿಗೆ ಹೆದರಿಕೆ ತೀರಾ ಕಡಿಮೆ. ಮರೆತೇಬಿಟ್ಟಿದೆ ಎಂದುಕೊಳ್ಳಬೇಕು. ಆದರೆ ಬೆಳಕು ಹಾಯಿಸಿದಾಗ ಅದು ಮರಗಟ್ಟಿತು! ನೆನಪು ಒಳಗೇ ಇತ್ತು, ಅದನ್ನು ಮುಟ್ಟುವ ದಾರಿ ಮುಚ್ಚಿತ್ತು. ಮರೆವೆಂದರೆ ನಷ್ಟ ಎಂದೇ ನಂಬಿದವರು ಇದನ್ನು ಕುಳಿತು ಯೋಚಿಸಬೇಕು.

ಮನೆಯ ಹಿರಿಯರು ಬೆಳಗಿನ ಮಾತನ್ನು ಮಧ್ಯಾಹ್ನಕ್ಕೆ ಮರೆಯುವುದನ್ನು ಕಂಡವರಿಗೆ ಮುಂದಿನ ಹೆಜ್ಜೆ ಮುಖ್ಯ. ಮನುಷ್ಯರ ಚಿಕಿತ್ಸೆಗೆ ಈ ವಿಧಾನ ಒದಗುವುದಿಲ್ಲ, ಜೀನ್ ಸೇರಿಸಿ ಮಿದುಳಿಗೆ ಬೆಳಕಿನ ಎಳೆ ಇಳಿಸಬೇಕಾಗುತ್ತದೆ. ಆದರೂ 2016ರಲ್ಲಿ, ಆಲ್ಝೈಮರ್‌ನ ಆರಂಭದ ಹಂತವನ್ನು ಹೋಲುವ ಇಲಿಗಳಲ್ಲಿ, ಇದೇ ತಂಡ ನೆನಪಿನ ಕೋಶಗಳಿಗೆ ಬರುವ ಸಂಪರ್ಕಗಳನ್ನು ಬೆಳಕಿನ ಮಿಡಿತಗಳಿಂದ ಪದೇ ಪದೇ ಬಲಪಡಿಸಿತು. ಕೋಶಗಳ ಮೇಲೆ ಕುಗ್ಗಿದ್ದ ಸಂಪರ್ಕದ ಮೊಗ್ಗುಗಳು ಮತ್ತೆ ಹೆಚ್ಚಿದವು. ಆಮೇಲೆ ಬೆಳಕಿನ ನೆರವಿಲ್ಲದೆಯೇ, ಪೆಟ್ಟಿಗೆಯೊಳಗೆ ಕಾಲಿಟ್ಟ ಇಲಿಗಳಿಗೆ ಅಲ್ಲಿ ಆದದ್ದು ನೆನಪಾಯಿತು.