ಬೀಸುವ ಗಾಳಿಯ ಎರಡು ಅಡುಗೆಮನೆ

ಆಷಾಢದ ಗಾಳಿಯನ್ನು ನಾವು ತಿಂಗಳೊಪ್ಪತ್ತು ಬೈದು ಸುಮ್ಮನಾಗುತ್ತೇವೆ. ಹನ್ನೆರಡು ತಿಂಗಳೂ ಅದೇ ಗಾಳಿಯಾದರೆ? ಅಟ್ಲಾಂಟಿಕ್ ಸಾಗರದಲ್ಲಿ ಅಂಥ ಎರಡು ದ್ವೀಪಸಮೂಹಗಳಿವೆ. ಉತ್ತರದಲ್ಲಿ ಡೆನ್ಮಾರ್ಕಿಗೆ ಸೇರಿದ ಫೆರೋ, ದಕ್ಷಿಣದಲ್ಲಿ ಬ್ರಿಟನ್ನಿನ ಆಡಳಿತದ ಫಾಕ್‌ಲ್ಯಾಂಡ್. ಎರಡೂ ಕಡೆ ಮರಗಳು ಅಪರೂಪ, ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ಚಿತ್ರ ನೋಡಿದರೆ ಅಕ್ಕತಂಗಿಯರು ಅಂತೀರಿ.

ಫಾಕ್‌ಲ್ಯಾಂಡ್ ಭೂಮಧ್ಯರೇಖೆಯಿಂದ ಹೆಚ್ಚುಕಡಿಮೆ ಲಂಡನ್ನಿನಷ್ಟೇ ದೂರ. ಫೆರೋ ಇನ್ನೂ ಬಹಳ ಮೇಲೆ, ಐಸ್‌ಲ್ಯಾಂಡಿನ ಹತ್ತಿರ. ಆದರೂ ಫೆರೋದಲ್ಲಿ ಚಳಿಗಾಲದ ಸರಾಸರಿ 3-4 ಡಿಗ್ರಿ ಇರುತ್ತದೆ. ಫಾಕ್‌ಲ್ಯಾಂಡಿನಲ್ಲಿ ಅದಕ್ಕಿಂತ ತುಸು ಕಡಿಮೆಯೇ! ಒಂದಕ್ಕೆ ಬೆಚ್ಚಗಿನ ಸಾಗರಪ್ರವಾಹ ತಾಗುತ್ತದೆ, ಇನ್ನೊಂದಕ್ಕೆ ದಕ್ಷಿಣದ ತಣ್ಣನೆಯದು. ನಿಜವಾದ ವ್ಯತ್ಯಾಸ ಮಳೆಯದು. ಫೆರೋದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಕಡಿದಾದ ಗುಡ್ಡಗಳೆಲ್ಲ ಹಚ್ಚಹಸುರು. ಹಳೆಯ ಮನೆಗಳ ಸೂರಿನ ಮೇಲೂ ಹುಲ್ಲಿನ ಮಣ್ಣು ಹೊದಿಸಿರುತ್ತಾರೆ, ಅದರಡಿ ಸೋರದಂತೆ ಮರದ ತೊಗಟೆ. ಆ ಭಾರಕ್ಕೇ ಸೂರು ಗಾಳಿಗೆ ಹಾರದು. ಫಾಕ್‌ಲ್ಯಾಂಡಿಗೆ ಪಶ್ಚಿಮದಿಂದ ಬರುವ ಗಾಳಿ ಆಂಡೀಸ್ ಪರ್ವತದಲ್ಲೇ ತನ್ನ ನೀರೆಲ್ಲ ಸುರಿದು ಬರುತ್ತದೆ. ಹಾಗಾಗಿ ಮಳೆ ಅದರ ಅರ್ಧದಷ್ಟು. ಮಾಸಲು ಬಣ್ಣದ ಹುಲ್ಲು, ತಗ್ಗು ದಿಬ್ಬಗಳು, ಬಣ್ಣ ಬಳಿದ ತಗಡಿನ ಸೂರುಗಳು.

ಇನ್ನು ಅಡುಗೆಮನೆಗೆ ಬನ್ನಿ. ಫೆರೋದವರು ಸಂದು ಬಿಟ್ಟು ಹಲಗೆ ಹೊಡೆದ ಕೊಟ್ಟಿಗೆಯೊಂದನ್ನು ಕಟ್ಟಿ, ಅದರಲ್ಲಿ ಕುರಿಮಾಂಸ ತೂಗುಹಾಕುತ್ತಾರೆ. ಉಪ್ಪು ಹಚ್ಚುವುದಿಲ್ಲ, ಬೆಂಕಿ ತೋರಿಸುವುದಿಲ್ಲ. ಸಂದಿನಲ್ಲಿ ನುಗ್ಗುವ ಕಡಲಗಾಳಿಯೇ ತಿಂಗಳುಗಟ್ಟಲೆ ಒಣಗಿಸಬೇಕು. ಹವೆ ಬೆಚ್ಚಗಾಯಿತೋ, ಮಾಂಸ ಕೆಟ್ಟಿತು. (ಸಸ್ಯಾಹಾರಿ ಸೋದರಿಯರು ಮುಖ ತಿರುಗಿಸಬೇಡಿ. ನಮ್ಮ ಹಪ್ಪಳ-ಸಂಡಿಗೆಗೆ ಬಿಸಿಲು ಹೇಗೋ ಅವರಿಗೆ ಗಾಳಿ ಹಾಗೆ.) ಫಾಕ್‌ಲ್ಯಾಂಡಿನಲ್ಲಿ ಗಾಳಿ ಒಣಗಿಸುತ್ತಿದ್ದುದು ಸೌದೆಯನ್ನು. ಸೌದೆ ಅಂದರೆ ಮರವಲ್ಲ, ಪೀಟ್. ಗಿಡಗಂಟಿ ಸಾವಿರಾರು ವರ್ಷ ಜೌಗಿನಲ್ಲಿ ಕೊಳೆತು ಆದ ಕಪ್ಪು ಮಣ್ಣು ಅದು. ಹಸಿಯಾಗಿ ಇಟ್ಟಿಗೆಯಂತೆ ಕತ್ತರಿಸಿ, ಗಾಳಿಗೆ ಒಣಗಿಸಿ ಒಲೆಗೆ ಹಾಕುತ್ತಿದ್ದರು. ಈಗ ಹೆಚ್ಚಾಗಿ ಎಣ್ಣೆ ಒಲೆಗಳೇ. ದಿನಾ ಕುರಿಮಾಂಸವೇ ಆದ್ದರಿಂದ ಅದಕ್ಕೆ ಅವರಿಟ್ಟ ಹೆಸರು ‘365’! ಬಾಯಿ ಸಿಹಿ ಮಾಡಿಕೊಳ್ಳಲು ಡಿಡ್ಲ್‌ಡಿ ಎಂಬ ಕುರುಚಲು ಗಿಡದ ಕೆಂಪು ಹಣ್ಣಿನ ಜಾಮ್ ಕಾಯಿಸುತ್ತಾರೆ.

ಗಾಳಿ-ಚಳಿಗಿಂತ ಒಂಟಿತನವೇ ದೊಡ್ಡ ಕಷ್ಟ ಎಂದು ನನಗನ್ನಿಸುತ್ತದೆ. ಫೆರೋದ ಗಾಸಾದಾಲುರ್ ಎಂಬ ಹಳ್ಳಿಯವರು ಈ ಶತಮಾನದ ಆರಂಭದವರೆಗೂ ನೆರೆಯೂರಿಗೆ ಬೆಟ್ಟ ಹತ್ತಿಳಿದೇ ನಡೆಯಬೇಕಿತ್ತು. ಈಗ ಸುರಂಗ ಬಂದಿದೆ. 2020ರಲ್ಲಂತೂ ಸಮುದ್ರದ ತಳದ ಸುರಂಗದೊಳಗೇ ಒಂದು ವೃತ್ತ ಕಟ್ಟಿ ವಾಹನ ಓಡಿಸಿದರು. ಫಾಕ್‌ಲ್ಯಾಂಡಿನ ದೂರದ ಕುರಿದೊಡ್ಡಿಗಳಲ್ಲಿ ಫೋನ್ ಬರುವ ಮುಂಚೆ ಡಾಕ್ಟರು ಗೊತ್ತಾದ ಹೊತ್ತಿಗೆ ರೇಡಿಯೋದಲ್ಲಿ ಸಿಗುತ್ತಿದ್ದರು. ಮಗುವಿನ ಜ್ವರವನ್ನೋ ತನ್ನ ನೋವನ್ನೋ ತಾಯಿ ಅದರಲ್ಲೇ ಹೇಳಬೇಕು. ದ್ವೀಪದಲ್ಲಿ ರೇಡಿಯೋ ಹಾಕಿದವರೆಲ್ಲ ಕೇಳಿಸಿಕೊಳ್ಳಬಹುದಿತ್ತು. ಮಗುವಿನ ಜ್ವರವಾದರೆ ಸರಿ, ಹೇಳಿಬಿಡಬಹುದು. ಆದರೆ ಹೆಂಗಸರ ತೊಂದರೆಗಳು ಎಷ್ಟಿರೋದಿಲ್ಲ? ಅವನ್ನೆಲ್ಲ ಹೇಗೆ ಹೇಳುತ್ತಿದ್ದರೋ!